ಲಿವರ್ ಕೆಟ್ಟಾಗ ಮಿದುಳಿಗೆ ಕವಿಯುವ ಮಂಕು

ಲಿವರ್ ತೀರ ಕೆಟ್ಟಾಗ ಅರಿವು, ನಿದ್ದೆ, ನಡವಳಿಕೆಗಳಲ್ಲಿ ಆಗುವ ಏರುಪೇರಿಗೆ ಹೆಪಾಟಿಕ್ ಎನ್‌ಸೆಫಲೋಪತಿ ಎಂದು ಹೆಸರು. ಹೆಚ್ಚಾಗಿ ಇದು ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ರೋಗ, ಇದ್ದವರಲ್ಲಿ ಕಾಣಿಸುತ್ತದೆ. ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಲಿವರ್‌ನಲ್ಲಿ ಕೂಡುವ ಕೊಬ್ಬು ಸಿರೋಸಿಸ್‌ಗೆ ಮುಖ್ಯ ಕಾರಣ. ಖಾರ ತಿಂದು ಸಿರೋಸಿಸ್ ಬರುವುದಿಲ್ಲ. ಅದರಲ್ಲೂ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಖಾರಕ್ಕಿಂತ ಬಣ್ಣಕ್ಕೆ.

ಊಟದ ಪ್ರೋಟೀನು ಕರಗುವಾಗ ಕರುಳಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಕರುಳಿನ ರಕ್ತ ಪೋರ್ಟಲ್ ನಾಳದ ಮೂಲಕ ಮೊದಲು ಲಿವರ್‌ಗೆ ಬರುತ್ತದೆ. ಅಲ್ಲಿ ಅಮೋನಿಯಾ ಯೂರಿಯಾ ಆಗಿ, ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ರಾಣೇಬೆನ್ನೂರಿನ ರೈತರು ಗೋವಿನಜೋಳಕ್ಕೆ ಹಾಕುವ ಯೂರಿಯಾವೂ ಇದೇ ವಸ್ತು, ಅದೂ ಅಮೋನಿಯಾದಿಂದಲೇ ತಯಾರಾಗುವಂಥದ್ದು. ಕಾರ್ಖಾನೆಗೆ ಭಾರೀ ಒತ್ತಡ, ಕಾವು ಬೇಕು. ಲಿವರ್‌ಗೆ ಮೈಬಿಸಿಯೇ ಸಾಕು!

ಸಿರೋಸಿಸ್‌ನಲ್ಲಿ ಎರಡು ಕೇಡು ಒಟ್ಟಿಗೇ ಬರುತ್ತವೆ. ಕೆಲಸ ಮಾಡುವ ಕೋಶಗಳು ಕಡಿಮೆಯಾಗುತ್ತವೆ. ಗಟ್ಟಿಯಾದ ಲಿವರ್‌ನೊಳಗೆ ಹರಿಯಲಾಗದ ರಕ್ತ ಅಡ್ಡದಾರಿ ಹಿಡಿದು, ಶುದ್ಧಿಯಾಗದೆಯೇ ಮೈಗೆಲ್ಲ ಹರಡುತ್ತದೆ. ಮಿದುಳಿಗೆ ಸೇರಿದ ಅಮೋನಿಯಾವನ್ನು ಅಲ್ಲಿನ ಆಸ್ಟ್ರೋಸೈಟ್ ಕೋಶಗಳು ಗ್ಲುಟಮೀನ್ ಆಗಿ ಬದಲಿಸುತ್ತವೆ. ಗ್ಲುಟಮೀನ್ ನೀರೆಳೆದು ಕೋಶಗಳು ಊದಿಕೊಳ್ಳುತ್ತವೆ, ನರಕೋಶಗಳ ನಡುವಿನ ಸಂಜ್ಞೆ ಹದಗೆಡುತ್ತದೆ. ಸೋಂಕು, ಉರಿಯೂತ ಸೇರಿದರೆ ಅಷ್ಟೇ ಅಮೋನಿಯಾ ಇನ್ನಷ್ಟು ಕಾಡುತ್ತದೆ. ರಕ್ತದ ಅಮೋನಿಯಾ ಅಂಕಿಯೊಂದನ್ನೇ ನೋಡಿ ರೋಗದ ತೀವ್ರತೆ ಹೇಳಲಾಗದಿರುವುದಕ್ಕೆ ಇದೂ ಒಂದು ಕಾರಣ.

ಹಗಲು ತೂಕಡಿಕೆ, ರಾತ್ರಿ ಎಚ್ಚರ, ಚಿಲ್ಲರೆ ಲೆಕ್ಕದಲ್ಲಿ ತಪ್ಪು, ಕಾರಣವಿಲ್ಲದ ಸಿಡುಕು ಮೊದಲ ಸುಳಿವುಗಳು. ಮುಂದೆ, ಚಾಚಿ ಹಿಡಿದ ಕೈಗಳು ಮಣಿಕಟ್ಟಿನಲ್ಲಿ ತಟ್ಟನೆ ಜೋತು ಮತ್ತೆ ಏಳುತ್ತವೆ, ಕೊನೆಗೆ ಕೋಮಾ. ಇದನ್ನು ಗಾಳಿ ಸೋಂಕೆಂದೋ ಕುಡಿತದ ಅಮಲೆಂದೋ ತಳ್ಳಿಹಾಕಿದರೆ ಹೊತ್ತು ಮೀರುತ್ತದೆ. ಹಲವು ಸಲ ಈ ಮಂಕಿನ ಹಿಂದೆ ಒಂದು ಪ್ರಚೋದನೆ ಇರುತ್ತದೆ: ಮಲಬದ್ಧತೆ, ಸೋಂಕು, ಮೈಯಲ್ಲಿ ನೀರು ಬತ್ತುವುದು, ನಿದ್ದೆಗುಳಿಗೆ, ಕಪ್ಪು ಮಲವಾಗಿ ಕಾಣುವ ಒಳರಕ್ತಸ್ರಾವ. ಅದನ್ನು ಹುಡುಕಿ ಸರಿಪಡಿಸಿದರೆ ಹೆಚ್ಚಿನವರ ಬುದ್ಧಿ ತಿಳಿಯಾಗುತ್ತದೆ. ಲ್ಯಾಕ್ಟುಲೋಸ್ ಸಿರಪ್ಪು ಬರೀ ಭೇದಿ ಔಷಧವಲ್ಲ. ಅದು ಕರುಳಿನಲ್ಲಿ ಹುಳಿ ಹೆಚ್ಚಿಸಿ ಅಮೋನಿಯಾ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ದಿನಕ್ಕೆ 2–3 ಸಲ ಮೆತ್ತಗೆ ಮಲ ಹೋಗಬೇಕು. ಮಲ ನೀರಾಗತೊಡಗಿದರೆ ಪ್ರಮಾಣ ಇಳಿಸಲು ವೈದ್ಯರನ್ನು ಕೇಳಬೇಕೇ ಹೊರತು ಬಿಟ್ಟುಬಿಡಬಾರದು.

ಎಲ್ಲಕ್ಕಿಂತ ಗಟ್ಟಿ ಬೇರುಬಿಟ್ಟ ತಪ್ಪು ಪಥ್ಯದ್ದು. 1893ರಲ್ಲಿ ರಷ್ಯಾದ ಪಾವ್ಲೋವ್ ಮತ್ತು ಸಂಗಡಿಗರು, ಪೋರ್ಟಲ್ ರಕ್ತ ಲಿವರ್ ತಪ್ಪಿಸಿ ಹರಿಯುವಂತೆ ಮಾಡಿದ ನಾಯಿಗಳು ಮಾಂಸ ತಿಂದು ಮಂಕಾದದ್ದನ್ನು ವರದಿ ಮಾಡಿದರು. ಮುಂದೆ ಹಲವು ದಶಕ ವೈದ್ಯರೇ ಪ್ರೋಟೀನು ಬಿಡಿಸುತ್ತಿದ್ದರು. ಕಾಮಣಿಗೆ ಗಂಜಿ, ಮಜ್ಜಿಗೆ ಅಷ್ಟೇ ಎನ್ನುವ ಮನೆಮಾತೂ ಅದಕ್ಕೆ ಜೊತೆಯಾಯಿತು. ಆದರೆ ಸ್ನಾಯುಗಳೂ ಅಮೋನಿಯಾವನ್ನು ಹೀರಿಕೊಳ್ಳುತ್ತವೆ. ಉಪವಾಸದಲ್ಲಿ ಸ್ನಾಯು ಕರಗಿದಷ್ಟೂ ಮಿದುಳಿನ ಮೇಲೆ ಹೊರೆ ಹೆಚ್ಚು. ಈಗಿನ ಸಲಹೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.2–1.5 ಗ್ರಾಂ ಪ್ರೋಟೀನು. 60 ಕಿಲೋ ತೂಗುವವರಿಗೆ 72–90 ಗ್ರಾಂ. ರೊಟ್ಟಿಯ ಜೊತೆ ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಮೊಸರು ಇದಕ್ಕೆ ಹೇಳಿ ಮಾಡಿಸಿದಂಥವು. ಮಲಗುವ ಮುನ್ನ ಒಂದಿಷ್ಟು ತಿನ್ನುವುದೂ ಒಳ್ಳೆಯದು, ರಾತ್ರಿಯ ಉಪವಾಸ ಮೊಟಕಾಗುತ್ತದೆ.

ಮೇಲ್ನೋಟಕ್ಕೆ ಕಾಣದ ಮಂಕನ್ನು ಹಿಡಿಯಲು ಇಟಲಿಯ ಪದುವಾದ ವೈದ್ಯರು ಬೆಳೆಸಿದ ಪರೀಕ್ಷೆಗೆ ಕಾಗದವೂ ಬೇಡ, ಓದುಬರಹವೂ ಬೇಡ. ರೋಗಿ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳನ್ನು ಹೆಸರಿಸಬಲ್ಲರು ಎಂದು ಎಣಿಸಿದರಾಯಿತು. ವಯಸ್ಸು, ಓದನ್ನು ಲೆಕ್ಕಕ್ಕೆ ಹಿಡಿದೂ ಹತ್ತಕ್ಕಿಂತ ಕಡಿಮೆಯಾದರೆ ಅನುಮಾನಿಸಬೇಕು. ಕೃಷ್ಣಮೃಗದ ನಾಡಾದ ರಾಣೇಬೆನ್ನೂರಿನಲ್ಲಿ, ದನಕರುಗಳ ನಡುವೆ ಬೆಳೆದವರ ಸಹಜ ಎಣಿಕೆ ಬೇರೆಯೇ ಇದ್ದೀತು. ಹಾವೇರಿಯ ವೈದ್ಯಕೀಯ ವಿದ್ಯಾರ್ಥಿಗಳು ಆರೋಗ್ಯವಂತ ರೈತರಲ್ಲಿ, ಕನ್ನಡದಲ್ಲೇ ಇದನ್ನು ಎಣಿಸಿ ಇಲ್ಲಿಗೊಪ್ಪುವ ಅಳತೆ ಕಟ್ಟಿಕೊಡಲಿ. ಅದಕ್ಕೆ ಬೇಕಾದದ್ದು ಒಂದು ಗಡಿಯಾರ ಮಾತ್ರ.