ವೈಮಾನಿಕನ ಕಣ್ಣಿಗೆ ಡ್ರೋನ್ ಕಾಣುವುದೆ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ತೋಟ ಗದ್ದೆಗಳ ಮೇಲೆ ಡ್ರೋನ್ ಹಾರುವುದು ಈಗ ಅಪರೂಪದ ನೋಟವಾಗಿ ಉಳಿದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸುವ ಪ್ರಯೋಗಗಳಿಗೆ, ಭೂಮಿಯ ಅಳತೆಗೆ, ಮದುವೆಯ ಚಿತ್ರಗಳಿಗೆ, ಉಂಚಳ್ಳಿ ಮಾಗೋಡು ಜಲಪಾತಗಳನ್ನು ಮೇಲಿನಿಂದ ನೋಡುವುದಕ್ಕೆ ಈ ಯಂತ್ರ ಬಳಕೆಗೆ ಬಂದಿದೆ. ಯಲ್ಲಾಪುರದ ಸೀಮೆಯಲ್ಲಿ ಬೇಡ್ತಿಯೆನಿಸುವ ನದಿಯೇ ಅಂಕೋಲೆಯ ಕಡೆ ಗಂಗಾವಳಿಯಾಗುತ್ತದೆ. ಅದರ ದಡದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ, ಮರೆಯಾದ ಲಾರಿಯನ್ನು ಹುಡುಕುವುದಕ್ಕೂ ಡ್ರೋನನ್ನು ಬಳಸಿದರು.

ಆದರೆ ಆಕಾಶ ಡ್ರೋನಿಗೆ ಮಾತ್ರ ಸೇರಿದ್ದಲ್ಲ. ನೆರೆ, ಭೂಕುಸಿತ, ಕಾಡ್ಗಿಚ್ಚುಗಳ ಕಾಲದಲ್ಲಿ ಹೆಲಿಕಾಪ್ಟರ್ ಬಹು ಕೆಳಗಿನಿಂದ ಹಾರಿಬರಬೇಕಾಗಬಹುದು. ಆಗ ಎದುರಿಗಿರುವ ಡ್ರೋನ್ ಅದರ ಚಾಲಕನಿಗೆ ಕಾಣುವುದೆ? ಕಂಡರೆ, ತಪ್ಪಿಸಿಕೊಳ್ಳುವಷ್ಟು ಮುಂಚೆ ಕಾಣುವುದೆ? ಹೈಸ್ಕೂಲಿನಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಇದಕ್ಕೆ ಉತ್ತರ ಪಡೆಯಬಹುದು.

ಕಣ್ಣಿನ ಮಿತಿ

ಒಂದು ವಸ್ತು ನಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದು ಅದು ನಮ್ಮ ಕಣ್ಣಿನಲ್ಲಿ ಮಾಡುವ ಕೋನವನ್ನು ಅವಲಂಬಿಸಿದೆ. ಒಂದು ಡಿಗ್ರಿಯನ್ನು 60 ಸಮಭಾಗ ಮಾಡಿದರೆ ಒಂದೊಂದು ಭಾಗಕ್ಕೂ ‘ಕಲೆ’ ಎಂದು ಹೆಸರು. ಪೂರ್ಣಚಂದ್ರನ ಬಿಂಬ ಸುಮಾರು 31 ಕಲೆಗಳಷ್ಟು ಅಗಲವಾಗಿದೆ. ಆರೋಗ್ಯವಾದ ಕಣ್ಣು ಒಳ್ಳೆಯ ಬೆಳಕಿನಲ್ಲಿ ಗುರುತಿಸಬಲ್ಲ ಅತಿ ಸೂಕ್ಷ್ಮ ವಿವರ ಸುಮಾರು ಒಂದು ಕಲೆ. ವಸ್ತುವಿನ ಅಗಲಕ್ಕಿಂತ ಅದರ ದೂರ ಸುಮಾರು 3,400 ಮಡಿ ಹೆಚ್ಚಾಗಿದ್ದಾಗ ಈ ಕೋನ ಉಂಟಾಗುತ್ತದೆ.

ಚಿತ್ರ ತೆಗೆಯಲು ಬಳಸುವ ಸಾಮಾನ್ಯ ಡ್ರೋನಿನ ಅಗಲ 35 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. 1,200 ಮೀಟರ್ ದೂರದಲ್ಲಿ ಅದು ಒಂದು ಕಲೆಯ ಕೋನ ಮಾಡುತ್ತದೆ. ಎಂದರೆ ಕಂಡರೂ ಬರಿಯ ಚುಕ್ಕೆ. ಇನ್ನು ಹೆಲಿಕಾಪ್ಟರು ಗಂಟೆಗೆ 180 ಕಿಲೋಮೀಟರ್, ಅಂದರೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬರುತ್ತಿದೆಯೆನ್ನೋಣ. ವಸ್ತುವನ್ನು ಕಂಡು, ಅದು ಏನೆಂದು ತಿಳಿದು, ಡಿಕ್ಕಿಯಾದೀತೆಂದು ಗ್ರಹಿಸಿ, ಯಾವ ಕಡೆ ತಿರುಗಬೇಕೆಂದು ನಿಶ್ಚಯಿಸಿ, ಕೈ ಆಡಿಸಿ, ವಿಮಾನ ಅದಕ್ಕೆ ಓಗೊಡುವವರೆಗೆ ಒಟ್ಟು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ ಲೆಕ್ಕ ಹಾಕಿದೆ. ಈ ಅವಧಿಯಲ್ಲಿ ನಮ್ಮ ಹೆಲಿಕಾಪ್ಟರು 625 ಮೀಟರ್ ಸಾಗಿರುತ್ತದೆ. ಆದ್ದರಿಂದ ಡ್ರೋನ್ 625 ಮೀಟರಿಗೂ ಆಚೆಯೇ ಕಣ್ಣಿಗೆ ಬಿದ್ದಿರಬೇಕು. ಅಲ್ಲಿ ಅದರ ಕೋನ ಎರಡು ಕಲೆಗಿಂತಲೂ ಕಡಿಮೆ; ಚಂದ್ರಬಿಂಬದ ಹದಿನಾರನೆಯ ಒಂದು ಪಾಲು!

ವಾಚಕರು ಇದನ್ನು ತೋಟದಲ್ಲಿಯೇ ಪರೀಕ್ಷಿಸಿ ನೋಡಬಹುದು. ಮೂರೂವರೆ ಸೆಂಟಿಮೀಟರ್ ಅಗಲದ ಒಂದು ಅಡಿಕೆಕಾಯಿ 62 ಮೀಟರ್ ದೂರದಲ್ಲಿ ಇಷ್ಟೇ ಕೋನವನ್ನು ಮಾಡುತ್ತದೆ. ಒಂಬತ್ತು ಅಡಿಗೊಂದರಂತೆ ಮರ ನೆಟ್ಟ ತೋಟದಲ್ಲಿ ಇದು ಸುಮಾರು 23 ಮರಗಳಾಚೆ ಬರುತ್ತದೆ. ಅಲ್ಲಿ ದಾರದಲ್ಲಿ ತೂಗಿಬಿಟ್ಟ ಒಂದೇ ಒಂದು ಹಸಿ ಅಡಿಕೆಯನ್ನು, ಎಲ್ಲಿದೆಯೆಂದು ಮೊದಲೇ ತಿಳಿಯದೆ ಹುಡುಕಿರಿ. ವೈಮಾನಿಕನ ಕಷ್ಟ ಆಗ ಮನದಟ್ಟಾಗುತ್ತದೆ.

ಚಲನೆಯೂ ಹಿನ್ನೆಲೆಯೂ

ಕಣ್ಣಿನ ಈ ಸೂಕ್ಷ್ಮ ದೃಷ್ಟಿ ಅಕ್ಷಿಪಟಲದ ನಡುವಿನ ಅತಿ ಚಿಕ್ಕ ಭಾಗಕ್ಕೆ ಮಾತ್ರ ಸೀಮಿತ. ತೋಳನ್ನು ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಉಗುರು ಮುಚ್ಚುವಷ್ಟು ಜಾಗವೇ ಅದರ ವ್ಯಾಪ್ತಿ. ಉಳಿದ ಅಂಚಿನ ದೃಷ್ಟಿ ಮಸುಕು. ಆದರೆ ಅದು ಚಲನೆಯನ್ನು ಬೇಗನೆ ಗುರುತಿಸುತ್ತದೆ. ಆದುದರಿಂದ ಹಾದುಹೋಗುವ ಹಕ್ಕಿ ನಮ್ಮ ಗಮನವನ್ನು ಸೆಳೆಯುತ್ತದೆ. ಒಂದೇ ಕಡೆ ತೂಗುತ್ತ ನಿಂತ ಡ್ರೋನ್ ಸೆಳೆಯುವುದಿಲ್ಲ. ಇದಕ್ಕಿಂತಲೂ ವಿಷಮವಾದುದು ಇನ್ನೊಂದುಂಟು. ಸರಳರೇಖೆಯಲ್ಲಿ ಒಂದೇ ವೇಗದಿಂದ ಡಿಕ್ಕಿಯ ಕಡೆಗೆ ಸಾಗಿರುವ ಎರಡು ವಸ್ತುಗಳಲ್ಲಿ ಒಂದರಿಂದ ನೋಡಿದರೆ ಇನ್ನೊಂದು ಒಂದೇ ದಿಕ್ಕಿನಲ್ಲಿ ಅಲುಗದೆ ಇರುವಂತೆ ತೋರುತ್ತದೆ. ಹೀಗೆ ಯಾವುದು ಅಪಾಯಕರವೋ ಅದೇ ನಿಶ್ಚಲವಾಗಿ ಕಾಣುತ್ತದೆ.

ಅದರ ಗಾತ್ರವಾದರೂ ಬೆಳೆಯುತ್ತಿರಬೇಕಲ್ಲವೆ? ನಿಜ, ಆದರೆ ಆ ಬೆಳವಣಿಗೆ ಕೊನೆಯ ಗಳಿಗೆಯದು. ನಮ್ಮ ಉದಾಹರಣೆಯಲ್ಲಿ 600 ಮೀಟರಿನಿಂದ 300 ಮೀಟರಿಗೆ ಬರುವ ಆರು ಸೆಕೆಂಡುಗಳಲ್ಲಿ ಡ್ರೋನಿನ ಕೋನ ಎರಡು ಕಲೆಯಿಂದ ನಾಲ್ಕು ಕಲೆಗೆ ಏರುತ್ತದೆ, ಅಷ್ಟೆ. 100 ಮೀಟರಿನಲ್ಲಿ ಅದು 12 ಕಲೆ. ಆಗ ಉಳಿದಿರುವುದು ಎರಡೇ ಸೆಕೆಂಡು.

ಹಿನ್ನೆಲೆಯ ಪಾತ್ರವೂ ಕಡಿಮೆಯದಲ್ಲ. ಬಯಲು ಸೀಮೆಯಲ್ಲಿ ತುಸು ಮೇಲಿರುವ ವಸ್ತು ಬೆಳ್ಳನೆಯ ಆಕಾಶದ ಎದುರು ಕಪ್ಪು ಚುಕ್ಕೆಯಾಗಿ ಎದ್ದು ಕಾಣಬಹುದು. ಅಘನಾಶಿನಿ, ಬೇಡ್ತಿಗಳ ಕಣಿವೆಗಳಲ್ಲಾದರೋ ಎದುರಿಗೆ ಇರುವುದು ದಟ್ಟ ಕಾಡಿನ ಇಳಿಜಾರು. ಎಲೆಗಳ ನೆರಳು ಬೆಳಕಿನ ಮಚ್ಚೆಗಳ ನಡುವೆ ಚಿಕ್ಕ ಯಂತ್ರ ಕರಗಿಹೋಗುತ್ತದೆ. ಮಳೆಗಾಲದ ಮಂಜು ಇರುವ ವೈದೃಶ್ಯವನ್ನೂ ಅಳಿಸುತ್ತದೆ. ಮದ್ದು ಸಿಂಪಡಿಸುವ ಡ್ರೋನ್ ಗಾತ್ರದಲ್ಲಿ ದೊಡ್ಡದು ನಿಜ. ಆದರೆ ಅದು ಮರಗಳ ತಲೆಗೆ ಅಂಟಿದಂತೆಯೇ ಹಾರುತ್ತದೆ.

ಲೆಕ್ಕವನ್ನು ಪ್ರಯೋಗಗಳೂ ಸಮರ್ಥಿಸುತ್ತವೆ. ರನ್‌ವೇಗೆ ಇಳಿದುಬರುವ ಸಣ್ಣ ವಿಮಾನಗಳ ದಾರಿಯ ಬಳಿ ಡ್ರೋನ್ ಹಾರಿಸಿ ಅಮೆರಿಕದ ಸಂಶೋಧಕರು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಅವರ ವರದಿಯಂತೆ, ಬಹುಪಾಲು ಸಲ ಚಾಲಕರು ಅದನ್ನು ಕಾಣಲೇ ಇಲ್ಲ. ನಿಶ್ಚಲವಾಗಿ ನಿಂತ ಡ್ರೋನಂತೂ ಚಲಿಸುವುದಕ್ಕಿಂತ ಬಹಳ ಕಡಿಮೆ ಬಾರಿ ಕಣ್ಣಿಗೆ ಬಿತ್ತು.

ತಗುಲಿದರೆ ಏನು?

2023ರ ಮೇ 2ರಂದು ಬೆಂಗಳೂರಿನ ಜಕ್ಕೂರಿನಿಂದ ಮುಳಬಾಗಿಲಿಗೆ ಡಿ. ಕೆ. ಶಿವಕುಮಾರ್ ಅವರನ್ನು ಕರೆದೊಯ್ಯುತ್ತಿದ್ದ ಹೆಲಿಕಾಪ್ಟರಿಗೆ ಹೊಸಕೋಟೆಯ ಬಳಿ ಹದ್ದೊಂದು ಬಡಿದು ಮುಂದಿನ ಗಾಜು ಒಡೆಯಿತು, ಹೆಲಿಕಾಪ್ಟರು ಎಚ್.ಎ.ಎಲ್. ನಿಲ್ದಾಣದಲ್ಲಿ ಕ್ಷೇಮವಾಗಿ ಇಳಿಯಿತು. ಹದ್ದಿನದು ಮೆದು ಶರೀರ. ಡ್ರೋನಿನಲ್ಲಿರುವುದು ಗಟ್ಟಿಯಾದ ಮೋಟಾರು ಮತ್ತು ಬ್ಯಾಟರಿ. 1.4 ಕಿಲೋಗ್ರಾಂ ತೂಕದ ಡ್ರೋನನ್ನು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊಡೆದರೆ ಆ ಆಘಾತದ ಶಕ್ತಿ 1,750 ಜೂಲ್. ಹತ್ತು ಕಿಲೋ ಕಲ್ಲೊಂದು 18 ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ ಬಿದ್ದಾಗಿನ ಶಕ್ತಿಗೆ ಇದು ಸಮ.

2017ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕಿನ ಬಳಿ ಸುಮಾರು 300 ಅಡಿ ಎತ್ತರದಲ್ಲಿ ಹಾರುತ್ತಿದ್ದ ಸೈನ್ಯದ ಹೆಲಿಕಾಪ್ಟರಿಗೆ ಇಂತಹ ಡ್ರೋನ್ ತಗುಲಿ, ತಿರುಗುವ ರೆಕ್ಕೆಯೊಂದು ಜಜ್ಜಿಹೋಯಿತು. ಡ್ರೋನಿನ ಒಡೆಯ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿದ್ದ. ತನ್ನ ಯಂತ್ರ ಅವನ ಕಣ್ಣಿಗೇ ಕಾಣುತ್ತಿರಲಿಲ್ಲ. 2025ರ ಜನವರಿ 9ರಂದು ಲಾಸ್ ಏಂಜಲೀಸಿನ ಕಾಡ್ಗಿಚ್ಚಿಗೆ ನೀರೆರೆಯುತ್ತಿದ್ದ ವಿಮಾನದ ರೆಕ್ಕೆಯನ್ನು ಡ್ರೋನ್ ತೂತು ಮಾಡಿತು. ಬೆಂಕಿ ಉರಿಯುತ್ತಿದ್ದಾಗಲೇ ಆ ವಿಮಾನ ಕೆಲವು ದಿನ ನೆಲದ ಮೇಲೆ ನಿಲ್ಲಬೇಕಾಯಿತು.

ಘಟ್ಟದ ಅಂಚಿನ ಎಚ್ಚರ

ನಮ್ಮ ದೇಶದ 2021ರ ಡ್ರೋನ್ ನಿಯಮಗಳು ಹಸಿರು ವಲಯದಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರುಗಳ ಮಿತಿಯನ್ನು ಹಾಕಿವೆ. ಮನುಷ್ಯರಿರುವ ವಿಮಾನಕ್ಕೆ ಡ್ರೋನ್ ಎಂದಿಗೂ ಅಡ್ಡ ಬರಕೂಡದೆಂದೂ ವಿಧಿಸಿವೆ. ವಿಮಾನಗಳು ಸಾಧಾರಣವಾಗಿ 500 ಅಡಿಗಿಂತ ಮೇಲೆ ಹಾರುವುದರಿಂದ ನಡುವೆ ನೂರು ಅಡಿಯ ತೆರಪು ಉಳಿಯಬೇಕು.

ಘಟ್ಟದಲ್ಲಿ ಈ ತೆರಪು ಸುಲಭವಾಗಿ ಮಾಯವಾಗುತ್ತದೆ. ಬಹುಮಟ್ಟಿಗೆ ಡ್ರೋನ್ ತೋರಿಸುವ ಎತ್ತರ ಅದು ಮೇಲೆದ್ದ ಸ್ಥಳದಿಂದ ಎಣಿಸಿದ್ದು, ಕೆಳಗಿರುವ ನೆಲದಿಂದಲ್ಲ. ಸಿದ್ದಾಪುರದ ಉಂಚಳ್ಳಿ ಜಲಪಾತದ ಎತ್ತರ 116 ಮೀಟರ್. ಅದರ ನೆತ್ತಿಯ ಮಟ್ಟದಿಂದ ಎಬ್ಬಿಸಿದ ಡ್ರೋನ್ ‘60 ಮೀಟರ್’ ಎಂದು ತೋರಿಸುತ್ತ ಕಣಿವೆಯ ಮೇಲೆ ಸಾಗಿದರೆ, ಕಣಿವೆಯ ತಳದಿಂದ ಅದು 176 ಮೀಟರ್ ಮೇಲಿರುತ್ತದೆ. ಹಾರಿಸುವವನು ತಾನು ಮಿತಿಯೊಳಗೇ ಇದ್ದೇನೆಂದು ತಿಳಿದಿರುತ್ತಾನೆ. ಯಂತ್ರ ಹೆಲಿಕಾಪ್ಟರಿನ ದಾರಿಯಲ್ಲಿ ನಿಂತಿರುತ್ತದೆ.

ಹಾಗಾದರೆ ಉಪಾಯವೇನು? ಮಿನುಗುವ ದೀಪ ಮುಸ್ಸಂಜೆಯಲ್ಲಿ ಉಪಕಾರಿ. ಬಿಸಿಲಿನಲ್ಲಿ ಅದರ ಪ್ರಯೋಜನ ಅಲ್ಪ. ಸಮೀಪದ ವಿಮಾನಗಳ ರೇಡಿಯೋ ಸಂಕೇತವನ್ನು ಹಿಡಿದು ಎಚ್ಚರಿಸುವ ಸಾಧನ ಕೆಲವು ಡ್ರೋನ್‌ಗಳಲ್ಲಿದೆ. ಆದರೆ ವಿಮಾನ ಸಂಕೇತ ಕಳುಹಿಸುತ್ತಿದ್ದರೆ ಮಾತ್ರ ಅದು ಸಾರ್ಥಕ. ಎಲ್ಲಕ್ಕಿಂತ ನೆಚ್ಚಬಹುದಾದುದು ನೆಲದ ಮೇಲಿರುವವನ ಕಿವಿ. ಹೆಲಿಕಾಪ್ಟರಿನ ಚಾಲಕನಿಗೆ ಡ್ರೋನಿನ ಸದ್ದು ಕೇಳದು; ನಮಗೆ ಹೆಲಿಕಾಪ್ಟರಿನದು ಕೇಳುತ್ತದೆ. ಆದರೂ ಗುಡ್ಡದ ಮರೆಯಿಂದ, ಒಂದು ಕಿಲೋಮೀಟರ್ ದೂರದಲ್ಲಿ ಅದು ಹೊರಬಂದರೆ ನಮಗಿರುವ ಕಾಲ ಇಪ್ಪತ್ತೇ ಸೆಕೆಂಡು. ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಇಳಿಯುವ ಡ್ರೋನಿಗೆ 100 ಮೀಟರ್ ಎತ್ತರದಿಂದ ನೆಲ ಮುಟ್ಟಲು 25ರಿಂದ 33 ಸೆಕೆಂಡು ಬೇಕು; 40 ಮೀಟರಿನಿಂದಾದರೆ 10ರಿಂದ 13 ಸೆಕೆಂಡು ಸಾಕು. ಕೆಲಸಕ್ಕೆ ಬೇಕಾದುದಕ್ಕಿಂತ ಎತ್ತರಕ್ಕೆ ಏರಿಸದಿರುವುದು, ಯಂತ್ರವನ್ನು ಸದಾ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು, ಸದ್ದು ಕೇಳಿದೊಡನೆ ಇಳಿಸುವುದು, ರಕ್ಷಣಾಕಾರ್ಯ ನಡೆಯುವೆಡೆ ಅನುಮತಿಯಿಲ್ಲದೆ ಹಾರಿಸದಿರುವುದು: ಈ ನಾಲ್ಕನ್ನು ಪಾಲಿಸಿದರೆ ಅಪಾಯ ಬಹುಮಟ್ಟಿಗೆ ದೂರವಾಗುತ್ತದೆ.

ಮೇಲಿರುವವನು ನೋಡಿಕೊಂಡಾನು ಎಂಬ ನಂಬಿಕೆಗೆ ಆಧಾರವಿಲ್ಲ. ಅವನ ಕಣ್ಣಿಗೆ ನಿಸರ್ಗ ಹಾಕಿದ ಮಿತಿಯನ್ನು ಯಾವ ತರಬೇತಿಯೂ ದಾಟಿಸಲಾರದು. ಆದುದರಿಂದ ದಾರಿ ಬಿಡುವ ಹೊಣೆ ಕೆಳಗೆ ನಿಂತು ಡ್ರೋನ್ ಹಾರಿಸುವ ನಮ್ಮದೇ.