ಒಂದೇ ಪಂಕ್ತಿಯ ಗೆಳೆಯರು

ಹನ್ನೊಂದು ಮಂದಿಗೆ ಕಾಗದ ಬರೆಯಬೇಕೆಂದು ಕುಳಿತು ಮೂರು ದಿನಗಳಾದುವು; ಇನ್ನೂ ಸಂಬೋಧನೆಯನ್ನೇ ದಾಟಲಾಗಿಲ್ಲ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವವನಿಗೆ ಇದೇನು ತೊಡಕೆಂದು ವಾಚಕರು ನಗಬಹುದು. ಆದರೆ ಈ ಹನ್ನೊಂದು ಮಂದಿ ನನ್ನೊಡನೆ ಶಿವಯೋಗಮಂದಿರದಲ್ಲಿ ವಟುಗಳಾಗಿದ್ದವರು. ಅವರಲ್ಲಿ ನಾಲ್ವರು ಇಂದು ಮಠಾಧಿಪತಿಗಳು. ಉಳಿದವರು ನನ್ನಂತೆ ಸಂಸಾರಿಗಳು. ಆ ಸಂಸಾರಿಗಳಲ್ಲೊಬ್ಬ ಒಂದು ರಾತ್ರಿ ಯಾರ ಅಪ್ಪಣೆಯನ್ನೂ ಪಡೆಯದೆ ಹೊರಟುಹೋದವನು.

ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿಯ ಬಳಿ, ಮಲಪ್ರಭೆಯ ದಡದಲ್ಲಿ, 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಮಠಗಳಿಗೆ ಓದುಬರಹ ಬಲ್ಲ, ಯೋಗಸಾಧನೆಯುಳ್ಳ ಸ್ವಾಮಿಗಳು ಬೇಕೆಂಬುದು ಅವರ ಹಂಬಲ. ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳಿಗೆ (1892–1944) ಸಂಗೀತ ಕಲಿಯುವ ದಾರಿ ಮಾಡಿಕೊಟ್ಟವರೂ ಅವರೇ. ನಾಡಿನ ಎಷ್ಟೋ ಪೀಠಗಳಿಗೆ ಅಲ್ಲಿಂದಲೇ ಸ್ವಾಮಿಗಳು ಹೋದರು. ಪೀಠವೇರದೆ ಊರಿಗೆ ಮರಳಿದವರ ಲೆಕ್ಕವನ್ನು ಯಾರು ಇಟ್ಟಾರು? ನನ್ನ ಮಟ್ಟಿಗೆ ಉಳಿದದ್ದು ನಸುಕಿನ ಹೊಳೆಯ ಚಳಿ, ಅಮರಕೋಶದ ಕಂಠಪಾಠ, ಗೋಮಯದಿಂದ ಮಾಡುವ ವಿಭೂತಿಯ ಕಂಪು.

ಮೊದಲು ಮಂದಿರದಲ್ಲೇ ಕೂಡೋಣವೆಂದಿದ್ದೆ. ಓಡಿಹೋದ ಗೆಳೆಯನಿಗೆ ಫೋನು ಮಾಡಿದೆ. ಗದಗಿನ ಕಡೆ ಮಿರ್ಚಿ ಭಜಿಯ ಅಂಗಡಿ ಇಟ್ಟಿದ್ದಾನೆ. “ಆ ಬಾಗಲಾ ನಾ ಮತ್ತ ದಾಟಾಂಗಿಲ್ಲೋ. ನೀ ಹೇಳಿ ಬಂದಾಂವ, ನಾ ಓಡಿ ಬಂದಾಂವ” ಎಂದ. ಸುಳ್ಳಲ್ಲ. ಆ ರಾತ್ರಿ ಅವನು ನನ್ನನ್ನು ಎಬ್ಬಿಸಿ, ಜೊತೆಗೆ ಬರುವೆಯಾ ಎಂದು ಕೇಳಿದ್ದ. ಹೋಗುವ ಮನಸ್ಸು ನನಗೂ ಇತ್ತು, ಎದೆ ಇರಲಿಲ್ಲ, ನಿದ್ದೆಯಲ್ಲಿರುವವನಂತೆ ಮಗ್ಗುಲಾದೆ. ಎರಡು ವರ್ಷದ ಮೇಲೆ ತಂದೆ ಬಂದು ಕರೆದುಕೊಂಡುಹೋದಾಗ ನಾನು ಎಲ್ಲರಿಗೂ ನಮಸ್ಕರಿಸಿ ಮರ್ಯಾದೆಯಿಂದಲೇ ಹೊರಟೆ. ಈ ಮಾತನ್ನು ಅವನಿಗೆ ಇನ್ನೂ ಹೇಳಿಲ್ಲ.

ಹೀಗಾಗಿ ಕೂಟವು ಕತ್ತಲಗೆರೆಯ ನಮ್ಮ ಮನೆಗೆ ಬಂದಿತು. ಅಡಿಕೆ ಬೇಯಿಸುವ ಗಡಿಬಿಡಿ ಮುಗಿದ ಮೇಲೊಂದು ಭಾನುವಾರ. ಹನ್ನೆರಡು ಜನಕ್ಕೆ ಪಡಸಾಲೆ ಧಾರಾಳವಾಗಿ ಸಾಕು. ಸಾಲದ್ದು ಶಿಷ್ಟಾಚಾರ! ಸ್ವಾಮಿಗಳು ಬಂದರೆ ಗದ್ದುಗೆ ಹಾಕಬೇಕು, ಪಾದಪೂಜೆಯಾಗಬೇಕು. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಹುಡುಗರೆಂದು ನಾನು ವಾದಿಸಿದರೆ, “ಸ್ವಾಮಿಗಳ ಸಮಕ್ಕೆ ಚಾಪೆ ಮೇಲೆ ಕೂತ್ಕೊಳ್ತೀಯೇನಪ್ಪ?” ಎಂದು ಅವ್ವ ಗದರಿಸಿದಳು.

ಕೊನೆಗೆ ನಾಲ್ವರು ಸ್ವಾಮಿಗಳಲ್ಲಿ ನನಗೆ ಹೆಚ್ಚು ಸಲಿಗೆಯಿದ್ದವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಟ್ಟವಾದಂದು ಹಳೆಯ ಹೆಸರು ಹೋಯಿತು. ಹೆತ್ತವರೂ ಆ ಹೆಸರಿನಿಂದ ಕರೆಯುವಂತಿಲ್ಲ. “ನಿಮ್ಮನೇಲಿ ನನ್ನ ಹಳೇ ಹೆಸರು ಹಿಡಿದು ಕರೀತೀಯೇನೋ?” ಎಂದರು.

“ಕರೀತೀನಿ, ಬುದ್ಧಿ” ಎಂದೆ. ಇಬ್ಬರಿಗೂ ನಗು ತಡೆಯಲಿಲ್ಲ.

ಶನಿವಾರ ಸಂಜೆಯೇ ಒಬ್ಬರೇ ಬರುವರಂತೆ. ಪಾದಪೂಜೆ ಮರುದಿನ, ಅವ್ವನ ಸಮಾಧಾನಕ್ಕೆ. “ಅವನು ಬರ್ತಾನಾ?” ಎಂದು ಎರಡು ಸಲ ಕೇಳಿದರು. ಯಾರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಭಜಿ ಅಂಗಡಿಯವನಿಗೆ ಬರೆಯುವ ಕಾಗದವನ್ನು ಆ ರಾತ್ರಿಯ ಮಾತಿನಿಂದಲೇ ಆರಂಭಿಸಿದ್ದೇನೆ: “ನೀನು ಎಬ್ಬಿಸಿದಾಗ ನನಗೆ ಎಚ್ಚರವಿತ್ತು.” ಸಂಬೋಧನೆಯ ಜಾಗ ಇನ್ನೂ ಖಾಲಿಯಿದೆ. ಉಳಿದ ಹತ್ತನ್ನು ಆಮೇಲೆ ಬರೆದರಾಯಿತು. ಇದು ನಾಳೆಯ ಟಪಾಲಿಗೆ ಹೋಗಬೇಕು.