ಅಂಗಳಕ್ಕೆ ಕಲ್ಲುಹಾಸು

ಹುಣಸೂರು, ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ಹಳೆಯ ಮಣ್ಣುಗೋಡೆಯ ಮನೆಗಳನ್ನು ಮಳೆಗಾಲದಲ್ಲಿ ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಗೋಡೆ ಕೆಡುವುದು ಬಹುಮಟ್ಟಿಗೆ ಬುಡದಿಂದ. ಸೂರಿನಿಂದ ಬಿದ್ದ ನೀರು ಅಂಗಳದಲ್ಲಿಯೇ ನಿಂತು ಗೋಡೆಯ ಕಾಲನ್ನು ನೆನೆಸುತ್ತದೆ. ನೆನೆದ ಮಣ್ಣು ಮೇಲಿನ ಭಾರವನ್ನು ತಾಳಲಾರದೆ ಕುಸಿಯುತ್ತದೆ. ಆದುದರಿಂದ ಅಂಗಳಕ್ಕೆ ಕಲ್ಲು ಹಾಸುವುದು ಅಂದಕ್ಕಾಗಿ, ಕಾಲಿಗೆ ಕೆಸರು ತಾಗದಿರಲೆಂದು ಮಾಡುವ ಕೆಲಸವೆಂದು ಬಗೆದವರು ಅರ್ಧವನ್ನು ಮಾತ್ರ ತಿಳಿದಂತೆ. ಅದು ಮೊದಲು ನೀರಿನ ಕೆಲಸ, ಆಮೇಲೆ ಕಲ್ಲಿನ ಕೆಲಸ.

ಒಂದು ಸಣ್ಣ ಲೆಕ್ಕ ಮಾಡೋಣ. 20 ಅಡಿ ಉದ್ದ, 10 ಅಡಿ ಅಗಲದ ಅಂಗಳವೆಂದರೆ ಸುಮಾರು 18.6 ಚದರ ಮೀಟರು. ಒಂದು ಗಂಟೆಯಲ್ಲಿ 50 ಮಿಲಿಮೀಟರು ಮಳೆ ಸುರಿದರೆ ಅಷ್ಟು ಜಾಗದ ಮೇಲೆ ಬೀಳುವ ನೀರು 930 ಲೀಟರು. 15 ಲೀಟರಿನ ಬಿಂದಿಗೆಗಳಲ್ಲಿ ಅಳೆದರೆ 62 ಬಿಂದಿಗೆ! ಸೂರಿನ ನೀರು ಇದರ ಮೇಲೆ ಬೇರೆ. ಈ ನೀರಿಗೆ ದಾರಿ ತೋರಿಸಬೇಕು.

ಆ ದಾರಿಯನ್ನು ನಮ್ಮ ಗಾರೆ ಕೆಲಸದವರು 'ವಾಟ' ಎನ್ನುತ್ತಾರೆ. ಗೋಡೆಯಿಂದ ಹೊರಕ್ಕೆ 10 ಅಡಿ ಹೋಗುವಷ್ಟರಲ್ಲಿ 2 ಅಂಗುಲ ಇಳಿದರೆ ಸಾಕು. ನಡೆಯುವವರಿಗೆ ಇಳಿಜಾರು ತಿಳಿಯುವುದಿಲ್ಲ, ನೀರಿಗೆ ತಿಳಿಯುತ್ತದೆ. ಇದನ್ನು ಕಣ್ಣಳತೆಗೆ ಬಿಡಬಾರದು. ಪಾರದರ್ಶಕವಾದ ಉದ್ದನೆಯ ಕೊಳವೆಯೊಂದರಲ್ಲಿ, ಗುಳ್ಳೆಗಳು ಉಳಿಯದಂತೆ ನೀರು ತುಂಬಿ, ಎರಡು ತುದಿಗಳನ್ನೂ ಎರಡು ಗೂಟಗಳ ಬಳಿ ಎತ್ತಿ ಹಿಡಿಯಿರಿ. ಒಂದಕ್ಕೊಂದು ಕೂಡಿಕೊಂಡಿರುವ ಪಾತ್ರೆಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆಯೆಂದು ಶಾಲೆಯಲ್ಲಿ ಓದಿದ್ದೀರಷ್ಟೆ? ಆ ಮಟ್ಟವನ್ನು ಎರಡು ಗೂಟಗಳ ಮೇಲೂ ಗುರುತಿಸಿ, ಹೊರಗಿನ ಗೂಟದಲ್ಲಿ 2 ಅಂಗುಲ ಕೆಳಕ್ಕೆ ದಾರ ಕಟ್ಟಿದರೆ ವಾಟ ದೊರೆಯಿತು. ಹಾಸಿನ ಮಟ್ಟವು ಮನೆಯೊಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು.

ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಕಾಲಡಿಯ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಹೆಗ್ಗಡದೇವನಕೋಟೆಯ ಪಕ್ಕದ ಸರಗೂರಿನ ಹೆಸರನ್ನು ಹೊತ್ತ 'ಸರಗೂರು ಗುಂಪಿನ' ಶಿಲೆಗಳು ಅದಕ್ಕೂ ಹಳೆಯವು. ಚಪ್ಪಡಿ ಎಬ್ಬಿಸಲು ಹಿಂದೆ ಬೆಂಕಿಯನ್ನೂ ಬಳಸುತ್ತಿದ್ದರು. ಬಂಡೆಯ ಮೇಲೆ ಸೌದೆ ಉರಿಸಿದರೆ ಮೇಲ್ಪದರವು ಕಾದು ಹಿಗ್ಗುತ್ತದೆ, ಒಳಗಿನ ತಣ್ಣನೆಯ ಬಂಡೆ ಹಿಗ್ಗುವುದಿಲ್ಲ. ನಡುವೆ ಬಿರುಕುಂಟಾಗಿ ಪದರ ಏಳುತ್ತದೆ. ದಕ್ಷಿಣ ಭಾರತದ ಈ ಚಾತುರ್ಯವನ್ನು 1895ರಲ್ಲಿಯೇ 'ನೇಚರ್' ಪತ್ರಿಕೆ ವರ್ಣಿಸಿತ್ತು. ಅಂಗಳಕ್ಕೆ ಉಳಿಯಿಂದ ಒರಟಾಗಿ ಕೆತ್ತಿದ ಕಲ್ಲೇ ಲೇಸು. ನುಣುಪು ಮಾಡಿದ ಗ್ರಾನೈಟು ಮಳೆಯಲ್ಲಿ ಮುದುಕರನ್ನು ಬೀಳಿಸುವ ಸಾಧನ.

ಇನ್ನು ಬುನಾದಿ. ಎಂಟು ಅಂಗುಲ ಅಗೆದು, ತಳವನ್ನೂ ಅದೇ ವಾಟಕ್ಕೆ ತಂದು ದಿಮ್ಮಸು ಮಾಡಬೇಕು. ಅದರ ಮೇಲೆ 4 ಅಂಗುಲ ಜಲ್ಲಿ, 2 ಅಂಗುಲ ದಪ್ಪ ಮರಳು, 2 ಅಂಗುಲದ ಚಪ್ಪಡಿ. ಮರಳು ನಯವಾಗಿರಬಾರದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಸಣ್ಣ ಕಣಗಳ ನಡುವಿನ ಕಿರಿದಾದ ಸಂದುಗಳಲ್ಲಿ ನೀರು ಮೇಲೇರುತ್ತದೆ, ಇದೇ ಕೇಶಾಕರ್ಷಣ. ಸಂದು ಹಿರಿದಾದಷ್ಟೂ ಏರಿಕೆ ಕಡಿಮೆ. ಹುಣಸೂರು, ಪಿರಿಯಾಪಟ್ಟಣದ ಕೆಂಪುಮಣ್ಣಿಗೆ ಇಷ್ಟು ಸಾಕು. ಕೃಷ್ಣರಾಜನಗರದ ಗದ್ದೆ ಬಯಲಿನ ಜೇಡಿಮಣ್ಣಿನಲ್ಲಾಗಲಿ, ಕೋಟೆ ತಾಲ್ಲೂಕಿನ ಹತ್ತಿ ಬೆಳೆಯುವ ಕಪ್ಪು ಭೂಮಿಯಲ್ಲಾಗಲಿ ಸಾಲದು. ಆ ಮಣ್ಣು ನೀರು ಕುಡಿದು ಉಬ್ಬಿ, ಬೇಸಗೆಯಲ್ಲಿ ಬಿರಿಯುತ್ತದೆ; ಅದರೊಡನೆ ಕಲ್ಲುಗಳೂ ಏರಿಳಿಯುತ್ತವೆ. ಅಲ್ಲಿ ಇನ್ನೂ ಅರ್ಧ ಅಡಿ ಅಗೆದು ಗೊರಚು ತುಂಬುವುದು ಅನಿವಾರ್ಯ.

ಸಂದುಗಳ ವಿಷಯದಲ್ಲಿ ಈ ಲೇಖಕನೂ ಎಡವಿದ್ದುಂಟು. ಮೊದಲ ಸಲ ಮನೆಯಂಗಳಕ್ಕೆ ಕಲ್ಲು ಹಾಸಿದಾಗ ಎಲ್ಲ ಸಂದುಗಳಿಗೂ ಸಿಮೆಂಟು ಮೆತ್ತಿ ಬೀಗಿದ್ದೆನು. ಎರಡನೆಯ ಬೇಸಗೆಗೆ ಅವು ಸೀಳಿದವು. 3 ಮೀಟರು ಕಲ್ಲು 30 ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಸುಮಾರು 0.7 ಮಿಲಿಮೀಟರು ಹಿಗ್ಗುತ್ತದೆ. ಅಷ್ಟಕ್ಕೂ ಎಡೆಯಿಲ್ಲದಿದ್ದರೆ ಸಿಮೆಂಟು ಏನು ಮಾಡೀತು? ಮಳೆನೀರು ಸೀಳಿನಲ್ಲಿಳಿದು ಮರಳನ್ನು ಕೊಚ್ಚಿಕೊಂಡು ಹೋಯಿತು, ನಾಲ್ಕು ಕಲ್ಲುಗಳು ಅಲುಗಾಡಿದವು. ಕಿತ್ತು ಮತ್ತೆ ಹಾಸಿದಾಗ ಕಾಲು ಅಂಗುಲದ ಸಂದು ಬಿಟ್ಟು ಮರಳನ್ನೇ ತುಂಬಿದೆನು. ಗೋಡೆಗೆ ತಾಗಿದ 2 ಅಡಿಯ ಸಾಲಿಗೆ ಮಾತ್ರ ಗಾರೆ ತುಂಬಿದೆನು, ಅಲ್ಲಿ ನೀರು ಇಳಿಯಕೂಡದಷ್ಟೆ. ಉಳಿದೆಡೆ ನೀರಿನ ಒಂದು ಪಾಲು ನೆಲಕ್ಕಿಳಿಯುತ್ತದೆ. ಬಾವಿಯುಳ್ಳವರಿಗೆ ಅದು ನಷ್ಟವೇನಲ್ಲ.

ಬಾಗಿಲಿನಿಂದ ಬೀದಿಗೆ ಹೋಗುವ ಕಾಲುದಾರಿಗೂ ಇದೇ ಕ್ರಮ. 3 ಅಡಿ ಅಗಲದ ದಾರಿಯನ್ನು ಆಮೆಯ ಬೆನ್ನಿನಂತೆ ನಡುವೆ ಅರ್ಧ ಅಂಗುಲ ಎತ್ತರಿಸಿದರೆ ನೀರು ಎರಡು ಮಗ್ಗುಲಿಗೂ ಹರಿಯುತ್ತದೆ. ಅಂಚಿನಲ್ಲಿ ಉದ್ದಗಲ್ಲುಗಳನ್ನು ಅರ್ಧಕ್ಕೂ ಹೆಚ್ಚು ಹೂತು ನಿಲ್ಲಿಸದಿದ್ದರೆ ಮರಳು ಪಕ್ಕಕ್ಕೆ ಸರಿಯುತ್ತದೆ. ಅಂಗಳದ ನೀರು ಕೊನೆಗೆ ಸೇರುವ ಕಡೆ ಒಂದು ತೆಂಗನ್ನೋ ಬಾಳೆಯನ್ನೋ ನೆಡುವುದು ಮನೆಯವರಿಗೆ ಬಿಟ್ಟದ್ದು.